ಗೆಳೆಯ ಕೈಬಿಟ್ಟ ಆ ಹೊತ್ತು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ವಾಹನವಾಗಿ ರೂಪ ಬದಲಿಸುವ ರೋಬೋಗಳ ‘ಟ್ರಾನ್ಸ್‌ಫಾರ್ಮರ್ಸ್ ಒನ್’ ಸಿನಿಮಾದ ಕತೆ ಪೂರ್ತಿ ಇದೆ, ಕೊನೆಯೂ ಇದೆ. ಇನ್ನೂ ನೋಡಿಲ್ಲ ಅನ್ನುವವರು ದಯವಿಟ್ಟು ಇಲ್ಲೇ ನಿಲ್ಲಿಸಿ, ನೋಡಿ ಬಂದು ಓದಿ.

ನನ್ನ ತಮ್ಮ ಡಲ್ಲಾಸ್‌ನಲ್ಲಿದ್ದಾನೆ. 2024ರ ಸೆಪ್ಟೆಂಬರ್ 20ರ ಶುಕ್ರವಾರ ಅಲ್ಲಿ ಸಿನಿಮಾ ಬಿಡುಗಡೆ ಆಯಿತು, ಅವತ್ತು ರಾತ್ರಿಯೇ ನೋಡಿ ಹೊರಗೆ ಬಂದವನು ಕಾರಿನಲ್ಲಿ ಕೂತುಕೊಂಡೇ ನನಗೆ ಫೋನ್ ಮಾಡಿದ. ಇಲ್ಲಿ ಬೆಂಗಳೂರಿನಲ್ಲಿ ಶನಿವಾರ ಬೆಳಗ್ಗೆ, ನಾನು ದೋಸೆ ಹುಯ್ಯುತ್ತಿದ್ದೆ. “ಅಕ್ಕಾ, ಆ ಟ್ರೇಲರ್ ಮರೆತುಬಿಡು. ಸುಮ್ನೆ ಹೋಗಿ ನೋಡು” ಅಂದ. ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ. “ಮೆಗಟ್ರಾನ್‌ಗೋಸ್ಕರ ಅತ್ತುಬಿಟ್ಟೆ ಕಣಕ್ಕ” ಅಂದ. ಮೆಗಟ್ರಾನ್ ಅಂದರೆ ಈ ರೋಬೋ ಕತೆಗಳ ಖಳನಾಯಕ.

ಈ ಮಾತಿನ ತೂಕ ಗೊತ್ತಾಗಬೇಕಾದರೆ ನಮ್ಮಿಬ್ಬರ ವಿಷಯ ಸ್ವಲ್ಪ ಹೇಳಬೇಕು. 2007ರ ‘ಟ್ರಾನ್ಸ್‌ಫಾರ್ಮರ್ಸ್’ ಸಿನಿಮಾವನ್ನು ನಾವು ಹಾಸನದಲ್ಲಿ, ಮಾವ ತಂದುಕೊಟ್ಟ ಡಿವಿಡಿಯಲ್ಲಿ ನೋಡಿದ್ದು. ನನಗೆ 13, ಅವನಿಗೆ 9. ಆಮೇಲೆ ಎರಡು ವರ್ಷ ಮನೆಯಲ್ಲಿ ಬೇರೆ ಆಟವೇ ಇರಲಿಲ್ಲ. ಜಾತ್ರೆಯಲ್ಲಿ ಕೊಂಡ ಒಂದು ಕೆಂಪು ಲಾರಿ ಇತ್ತು, ಅದನ್ನು ರೋಬೋ ಮಾಡಲು ಹೋದರೆ ಒಂದು ಕೈ ಕಳಚಿ ಬರುತ್ತಿತ್ತು, ಅದನ್ನು ಫೆವಿಕ್ವಿಕ್ ಹಾಕಿ ಅಂಟಿಸಿದ ಮೇಲೆ ಅದು ಮತ್ತೆ ಲಾರಿ ಆಗಲೇ ಇಲ್ಲ. ಅವನು ಯಾವಾಗಲೂ ಕಥಾನಾಯಕ ಆಪ್ಟಿಮಸ್ ಪ್ರೈಮ್. ಚಿಕ್ಕವನು ಹಟ ಹಿಡಿದರೆ ದೊಡ್ಡವರು ಬಿಟ್ಟುಕೊಡಬೇಕು, ಅಲ್ವಾ? ಹಾಗಾಗಿ ನಾನು ಯಾವಾಗಲೂ ಮೆಗಟ್ರಾನ್, ಪ್ರತಿ ಸಂಜೆ ಸೋಲುವವಳು. ಅಂಥ ತಮ್ಮ ಈಗ ಮೆಗಟ್ರಾನ್‌ಗಾಗಿ ಅತ್ತೆ ಅಂದಾಗ ನನಗೆ ತಕ್ಷಣ ಥಿಯೇಟರ್‌ಗೆ ಓಡಬೇಕು ಅನ್ನಿಸಿತು.

ಟ್ರೇಲರ್ ಮರೆತುಬಿಡು ಅಂದದ್ದು ಯಾಕೆ ಅಂದರೆ, 2024ರ ಏಪ್ರಿಲ್ 18ಕ್ಕೆ ಮೊದಲ ಟ್ರೇಲರ್ ಬಂದಾಗ ನಮ್ಮಂಥವರಿಗೆ ಆದ ಬೇಸರ ಅಷ್ಟಿಷ್ಟಲ್ಲ. ಅದನ್ನು ಆಕಾಶದ ತುತ್ತತುದಿಗೆ ಕಳಿಸಿ ಅಲ್ಲಿಂದ ತೋರಿಸಿ ದೊಡ್ಡ ಸುದ್ದಿ ಮಾಡಿದ್ದರು. ಆದರೆ ಅದರ ತುಂಬ ನಗೆಚಾಟಿಕೆ. ಬಿ-127, ಅಂದರೆ ಮುಂದೆ ಬಂಬಲ್‌ಬೀ ಆಗುವವನು, ಬಾಯಿ ಮುಚ್ಚದೆ ಮಾತಾಡುತ್ತಾನೆ. ಓರಿಯನ್ ಪ್ಯಾಕ್ಸ್, ಅಂದರೆ ಮುಂದಿನ ಆಪ್ಟಿಮಸ್, ತಮಾಷೆ ಹುಡುಗ. ದನಿಯೂ ಪೀಟರ್ ಕಲೆನ್ ಅವರದಲ್ಲ, ಕ್ರಿಸ್ ಹೆಮ್ಸ್‌ವರ್ತ್ ಅವರದು. 1984ರ ಕಾರ್ಟೂನ್‌ನಿಂದ ಹಿಡಿದು 2007ರಿಂದ 2023ರವರೆಗೆ ಬಂದ ಏಳೂ ಸಿನಿಮಾಗಳಲ್ಲಿ ಕಲೆನ್ ಅವರೇ ಆಪ್ಟಿಮಸ್. ಆ ದನಿ ಇಲ್ಲದ ಆಪ್ಟಿಮಸ್ ಅಂದರೆ ಮನೆಗೆ ಬೇರೆ ಯಾರೋ ಬಂದು ಅಪ್ಪನ ಕುರ್ಚಿಯಲ್ಲಿ ಕೂತ ಹಾಗೆ. ಚಿಕ್ಕ ಮಕ್ಕಳ ಸಿನಿಮಾ ಮಾಡಿಬಿಟ್ಟರು ಅಂತ ಎಷ್ಟೋ ಅಭಿಮಾನಿಗಳು ಅವತ್ತೇ ಕೈಚೆಲ್ಲಿದರು. ನಾನೂ ಅವರಲ್ಲಿ ಒಬ್ಬಳು.

ನೋಡಿದ ಮೇಲೆ ಅನ್ನಿಸಿದ್ದು, ಆ ಟ್ರೇಲರ್ ಸಿನಿಮಾದ ಮೊದಲ ಅರ್ಧ ಗಂಟೆಯನ್ನು ಮಾತ್ರ ತೋರಿಸಿತ್ತು.

ಕತೆ ನಡೆಯುವುದು ಸೈಬರ್‌ಟ್ರಾನ್ ಗ್ರಹದಲ್ಲಿ, ಭೂಮಿ ಮನುಷ್ಯರು ಯಾರೂ ಇಲ್ಲ. ಓರಿಯನ್ ಮತ್ತು ಡಿ-16, ಅಂದರೆ ಮುಂದೆ ಮೆಗಟ್ರಾನ್ ಆಗುವವನು, ಇಬ್ಬರೂ ಗಣಿಯಲ್ಲಿ ಎನರ್ಜಾನ್ ಎಂಬ ಇಂಧನ ಅಗೆಯುವ ಕೂಲಿಗಳು. ಉಳಿದವರೆಲ್ಲ ರೂಪ ಬದಲಿಸುತ್ತಾರೆ, ಇವರಿಗೆ ಆಗುವುದಿಲ್ಲ, ಯಾಕೆಂದರೆ ಎದೆಯಲ್ಲಿ ಅದಕ್ಕೆ ಬೇಕಾದ ಕಾಗ್ ಎಂಬ ಬಿಡಿಭಾಗ ಇಲ್ಲ. ಹುಟ್ಟಿದ್ದೇ ಹಾಗೆ ಅಂತ ನಂಬಿಕೊಂಡಿರುತ್ತಾರೆ. ಓರಿಯನ್‌ಗೆ ಇರುವ ನಿಯಮವನ್ನೆಲ್ಲ ಮುರಿಯುವ ಹುಚ್ಚು. ಡಿ-16 ನಿಯಮ ಮೀರದ ಹುಡುಗ, ಆದರೆ ಓರಿಯನ್ ಸಿಕ್ಕಿಬಿದ್ದಾಗಲೆಲ್ಲ ಬಂದು ಎಳೆದುಕೊಳ್ಳುವವನು ಇವನೇ. ಓಟದ ಪಂದ್ಯದಲ್ಲಿ ಡಿ-16ಗೆ ಪೆಟ್ಟಾದಾಗ ಓರಿಯನ್ ತಾನು ಗೆಲ್ಲುವುದನ್ನು ಬಿಟ್ಟು ಇವನನ್ನು ಎಳೆದುಕೊಂಡು ಓಡುತ್ತಾನೆ. ಹಿಂದಿನ ಕಾಲದ ನಾಯಕರಾದ ಪ್ರೈಮ್‌ಗಳಲ್ಲಿ ಒಬ್ಬನಾದ ಮೆಗಟ್ರೋನಸ್ ಪ್ರೈಮ್ ಅಂದರೆ ಡಿ-16ಗೆ ದೇವರು. ಓರಿಯನ್ ಅವನಿಗೆ ಮೆಗಟ್ರೋನಸ್‌ನ ಮುಖ ಇರುವ ಒಂದು ಸ್ಟಿಕ್ಕರ್ ತಂದುಕೊಡುತ್ತಾನೆ, ಅವನು ಖುಷಿಯಿಂದ ಮೈಮೇಲೆ ಅಂಟಿಸಿಕೊಳ್ಳುತ್ತಾನೆ. ನಮಗೆ ಗೊತ್ತು ಅದು ಏನು ಅಂತ. ಮುಂದೆ ಮೆಗಟ್ರಾನ್‌ನ ಪಡೆಯಾದ ಡಿಸೆಪ್ಟಿಕಾನ್‌ಗಳ ಗುರುತು ಆಗುವ ಮುಖ ಅದು. ಗೆಳೆಯ ಪ್ರೀತಿಯಿಂದ ಕೊಟ್ಟದ್ದು. ಆ ದೃಶ್ಯದಲ್ಲಿ ಥಿಯೇಟರಿನಲ್ಲಿ ನನ್ನ ಹಿಂದಿನ ಸಾಲಿನ ಹುಡುಗ “ಅಯ್ಯೋ” ಅಂದ, ಮೆಲ್ಲಗೆ. ಅವನಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಆಮೇಲೆ ಸತ್ಯ ಹೊರಗೆ ಬರುತ್ತದೆ. ಎಲ್ಲರೂ ವೀರ ಅಂತ ಪೂಜಿಸುವ ಸೆಂಟಿನೆಲ್ ಪ್ರೈಮ್ ಹಳೆಯ ಪ್ರೈಮ್‌ಗಳನ್ನು ಶತ್ರುಗಳಿಗೆ ಹಿಡಿದುಕೊಟ್ಟವನು. ಗಣಿಯವರು ಬೆವರು ಸುರಿಸಿ ತೆಗೆದ ಎನರ್ಜಾನ್ ಅನ್ನು ಕದ್ದು ಅದೇ ಶತ್ರುಗಳಿಗೆ ಕಪ್ಪ ಕೊಡುವವನು. ಎಲ್ಲಕ್ಕಿಂತ ಘೋರ ಅಂದರೆ, ಗಣಿಯವರು ಕಾಗ್ ಇಲ್ಲದೆ ಹುಟ್ಟಿದವರೇ ಅಲ್ಲ, ಹುಟ್ಟಿದಾಗಲೇ ಅದನ್ನು ಅವರ ಎದೆಯಿಂದ ಕಿತ್ತಿದ್ದರು. ಇದನ್ನು ಕೇಳಿ ಓರಿಯನ್ ಎಲ್ಲರಿಗೂ ಹೇಳೋಣ ಅನ್ನುತ್ತಾನೆ. ಡಿ-16 ಸೆಂಟಿನೆಲ್‌ನನ್ನು ಕೊಲ್ಲಬೇಕು ಅನ್ನುತ್ತಾನೆ. ಡಿ-16 ಕೈಗೆ ಸಿಕ್ಕಾಗ ಸೆಂಟಿನೆಲ್ ಆ ಸ್ಟಿಕ್ಕರ್ ನೋಡಿ, ಅದೇ ಮುಖವನ್ನು ಅವನ ಮೈಮೇಲೆ ಬರೆ ಹಾಕುತ್ತಾನೆ. ಪ್ರೀತಿಯ ಗುರುತು ಅಲ್ಲಿಗೆ ಗಾಯದ ಗುರುತು ಆಯಿತು.

ಕೊನೆಗೆ ಸೆಂಟಿನೆಲ್ ನೆಲಕ್ಕೆ ಬಿದ್ದಿದ್ದಾನೆ, ಡಿ-16 ಗುಂಡು ಹಾರಿಸುತ್ತಾನೆ, ಓರಿಯನ್ ಅಡ್ಡ ಬರುತ್ತಾನೆ. ಗುಂಡು ಗೆಳೆಯನಿಗೆ ತಗಲುತ್ತದೆ. ಪ್ರಪಾತದ ಅಂಚಿನಲ್ಲಿ ಓರಿಯನ್‌ನ ಕೈ ಡಿ-16ನ ಕೈಯಲ್ಲಿದೆ. ಸಿನಿಮಾ ಪೂರ್ತಿ ಅವನನ್ನು ಎಳೆದು ಎಳೆದು ಕಾಪಾಡಿದ ಅದೇ ಕೈ. ಮುಖದಲ್ಲಿ ಮೊದಲು ಗಾಬರಿ, ಆಮೇಲೆ ದುಃಖ, ಆಮೇಲೆ ಏನೂ ಇಲ್ಲ. ಇನ್ನು ನಿನ್ನನ್ನು ಕಾಪಾಡುವುದು ಸಾಕು ಅನ್ನುವ ಅರ್ಥದ ಒಂದು ಮಾತು ಹೇಳಿ ಬಿಟ್ಟುಬಿಡುತ್ತಾನೆ. ನಮ್ಮ ಭಾಷೆಯಲ್ಲಿ ಕೈಬಿಟ್ಟ ಅಂತ ಎಷ್ಟು ಸಲ ಹೇಳುತ್ತೇವೆ, ಕಷ್ಟಕ್ಕೆ ಆಗಲಿಲ್ಲ ಅಂತ, ದೂರ ಮಾಡಿದ ಅಂತ. ಆ ಮಾತಿನ ಒಳಗೆ ಒಂದು ಕೈ ಇದೆ, ಇನ್ನೊಂದು ಕೈ ಇದೆ, ಕೆಳಗೆ ಆಳ ಇದೆ ಅಂತ ನನಗೆ ಕಣ್ಣಿಗೆ ಕಂಡದ್ದು ಅವತ್ತೇ.

ಅಲ್ಲಿ ನಾನೂ ಅತ್ತೆ. ನನ್ನ ಸುತ್ತ ಇನ್ನೂ ಹಲವರು ಅತ್ತರು. ಒಬ್ಬನೂ ಆಪ್ಟಿಮಸ್‌ಗಾಗಿ ಅಳಲಿಲ್ಲ, ಯಾಕೆಂದರೆ ಅವನು ವಾಪಸ್ ಬರುತ್ತಾನೆ ಅಂತ ಎಲ್ಲರಿಗೂ ಗೊತ್ತು. ಅತ್ತದ್ದು ಮೇಲೆ ನಿಂತವನಿಗಾಗಿ, ಅವನಿಗೆ ಇನ್ನು ವಾಪಸ್ ದಾರಿ ಇಲ್ಲ ಅಂತ.

ಟ್ರಾನ್ಸ್‌ಫಾರ್ಮರ್ಸ್ ಅಭಿಮಾನಿಗಳು ಸಿನಿಮಾ ನೋಡಿ ಅತ್ತದ್ದು ಇದೇ ಮೊದಲಲ್ಲ. 1986ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮೊದಲ ಅನಿಮೇಷನ್ ಸಿನಿಮಾ ಬಂತು. ಜಪಾನಿನ ಟಕಾರಾ ಕಂಪನಿಯ ಆಟಿಕೆಗಳನ್ನು ಹ್ಯಾಸ್ಬ್ರೊ 1984ರಲ್ಲಿ ಹೊಸ ಹೆಸರಿಟ್ಟು ತಂದು, ಅದರ ಜೊತೆಗೇ ಕಾರ್ಟೂನ್ ಶುರು ಮಾಡಿತ್ತು. ಎರಡು ವರ್ಷಕ್ಕೆ ಹಳೆ ಆಟಿಕೆ ಸಾಲನ್ನು ಮುಗಿಸಿ ಹೊಸದಕ್ಕೆ ಜಾಗ ಮಾಡಬೇಕಿತ್ತು. ಅದಕ್ಕೆ ಸಿನಿಮಾದಲ್ಲಿ ಹಳೆಯ ರೋಬೋಗಳನ್ನು ಒಂದೊಂದಾಗಿ ಸಾಯಿಸಿದರು, ಆಪ್ಟಿಮಸ್ ಪ್ರೈಮ್‌ನನ್ನೂ. ಮಾಡಿದವರಿಗೆ ಅದು ಆಟಿಕೆ, ಮಕ್ಕಳಿಗೆ ಅವನು ಮನೆಯವನು. ಥಿಯೇಟರುಗಳಲ್ಲಿ ಮಕ್ಕಳು ಬಿಕ್ಕಿಬಿಕ್ಕಿ ಅತ್ತರು, ಅಪ್ಪಅಮ್ಮಂದಿರು ಸಿಟ್ಟಾದರು. ಗದ್ದಲ ಎಷ್ಟಾಯಿತು ಅಂದರೆ ಅದೇ ಕಂಪನಿಯ ಜಿ.ಐ. ಜೋ ಸಿನಿಮಾದಲ್ಲಿ ಸಾಯಬೇಕಿದ್ದ ಡ್ಯೂಕ್ ಎಂಬ ಪಾತ್ರವನ್ನು, ಬರೀ ಮಾತು ಬದಲಿಸಿ, ಕೋಮಾದಲ್ಲಿದ್ದಾನೆ ಅಂತ ಉಳಿಸಿಕೊಂಡರು. 1987ರ ಶುರುವಿನಲ್ಲಿ ಕಾರ್ಟೂನ್‌ನಲ್ಲಿ ಆಪ್ಟಿಮಸ್‌ನನ್ನೂ ಬದುಕಿಸಿ ತಂದರು. ಪ್ರೇಕ್ಷಕರ ಕಣ್ಣೀರು ಕತೆಯನ್ನೇ ತಿರುಗಿಸಿದ್ದು ನಾನು ಕಂಡಂತೆ ತೀರ ಅಪರೂಪ.

ಅದಾಗಿ 38 ವರ್ಷಕ್ಕೆ ಥಿಯೇಟರಿಗೆ ಬಂದ ಪೂರ್ತಿ ಅನಿಮೇಷನ್ ಟ್ರಾನ್ಸ್‌ಫಾರ್ಮರ್ಸ್ ಸಿನಿಮಾ ಇದು. ಅವತ್ತು ಒಳ್ಳೆಯವನು ಸತ್ತ ಅಂತ ಅತ್ತರು. ಇವತ್ತು ಒಳ್ಳೆಯವನೊಬ್ಬ ಬದುಕಿದ್ದೂ ಇಲ್ಲವಾದ ಅಂತ ಅಳುತ್ತಿದ್ದೇವೆ. ನಮ್ಮ ಅಜ್ಜಿ ನೆನಪಾಗುತ್ತಾರೆ. ಬಯಲಾಟ ನೋಡಲು ಹೋದಾಗ ರಾತ್ರಿಯಿಡೀ ದುರ್ಯೋಧನನನ್ನು ಬೈಯುತ್ತಿದ್ದವರು, ಬೆಳಗಿನ ಜಾವ ಅವನು ತೊಡೆ ಮುರಿದು ಬೀಳುವ ಹೊತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಡಿ-16ಗೆ ದನಿ ಕೊಟ್ಟ ಬ್ರಯಾನ್ ಟೈರೀ ಹೆನ್ರಿ ಅವರನ್ನು ಎಲ್ಲ ಅಭಿಮಾನಿಗಳೂ ಹೊಗಳುತ್ತಿದ್ದಾರೆ, ಅದು ಸರಿಯಾದ ಹೊಗಳಿಕೆ. ಶುರುವಿನಲ್ಲಿ ಆ ದನಿ ಹಗುರ, ಸ್ವಲ್ಪ ಅಂಜಿಕೆ. ಹೋಗ್ತಾ ಹೋಗ್ತಾ ತಳಕ್ಕೆ ಇಳಿಯುತ್ತದೆ. ಕಣ್ಣನ್ನೂ ನೋಡಿ. ಮೊದಲು ಹಳದಿ, ಸತ್ಯ ಗೊತ್ತಾದ ಮೇಲೆ ನಿಧಾನವಾಗಿ ಕೆಂಪಿಗೆ ತಿರುಗುತ್ತಾ ಹೋಗುತ್ತದೆ. ಮೊದಲ ಸಲ ನನಗೆ ಇದು ಕಾಣಲೇ ಇಲ್ಲ, ತಮ್ಮ ಹೇಳಿದ ಮೇಲೆ ಎರಡನೇ ಸಲ ಬರೀ ಕಣ್ಣನ್ನೇ ನೋಡುತ್ತಾ ಕೂತೆ. ಇಂಡಸ್ಟ್ರಿಯಲ್ ಲೈಟ್ ಆಂಡ್ ಮ್ಯಾಜಿಕ್ ಸ್ಟುಡಿಯೋದವರ ಕೆಲಸ, ಕಬ್ಬಿಣದ ಮುಖದಲ್ಲಿ ಹುಬ್ಬು ಒಂದು ಎಳೆ ಇಳಿದರೆ ನಮ್ಮ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಹೆಮ್ಸ್‌ವರ್ತ್ ವಿಷಯದಲ್ಲಿ ನನ್ನ ಅನುಮಾನ ಕೊನೆಯ ಹದಿನೈದು ನಿಮಿಷದಲ್ಲಿ ಹೋಯಿತು. ಅವರು ಕಲೆನ್ ಅವರನ್ನು ಅನುಕರಿಸುವುದಿಲ್ಲ, ಆದರೆ ಓರಿಯನ್ ಆಪ್ಟಿಮಸ್ ಆಗಿ ಎದ್ದು ಬಂದಾಗ ಆ ಗಾಂಭೀರ್ಯ ಬರುತ್ತದೆ.

ಎಲ್ಲರೂ ಒಪ್ಪಿದ್ದಾರೆ ಅಂತ ಅಲ್ಲ. ಡಿ-16 ಬದಲಾಗುವುದು ತೀರ ಬೇಗ ಆಯಿತು ಅನ್ನುವವರು ಬಹಳ ಜನ ಇದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಜೀವಮಾನವಿಡೀ ತಲೆ ಬಗ್ಗಿಸಿ ನಡೆದವನಿಗೆ ಅದೆಲ್ಲ ಮೋಸ ಅಂತ ಗೊತ್ತಾದರೆ ಅವನು ನಿಯಮ ಮುರಿದೇ ಬೆಳೆದವನಿಗಿಂತ ಜಾಸ್ತಿ ಒಡೆದುಹೋಗುತ್ತಾನೆ. ಓರಿಯನ್ ಯಾರನ್ನೂ ಅಷ್ಟು ನಂಬಿರಲೇ ಇಲ್ಲವಲ್ಲ. ಇನ್ನೊಂದು ವಾದ, ಮೆಗಟ್ರಾನ್ ಮಾಡಿದ್ದೇ ಸರಿ ಅನ್ನುವುದು. ಈ ವಿಷಯದಲ್ಲಿ ನನಗೂ ತಮ್ಮನಿಗೂ ಪ್ರತಿ ಭಾನುವಾರ ಜಗಳ. ಸೆಂಟಿನೆಲ್ ಮೇಲಿನ ಸಿಟ್ಟು ನ್ಯಾಯವಾದದ್ದು ಅಂತ ನಾನು. ಸಿಟ್ಟು ನ್ಯಾಯವಾದದ್ದೇ, ಆದರೆ ಸೆಂಟಿನೆಲ್ ಸತ್ತ ಮೇಲೂ ಅವನು ನಿಲ್ಲಿಸಲಿಲ್ಲ, ಇಡೀ ಊರನ್ನೇ ಕೆಡವಲು ಹೊರಟ ಅಂತ ಅವನು. “ಹಾಗಾದರೆ ಆಪ್ಟಿಮಸ್ ಅವನನ್ನು ಕೂರಿಸಿ ಮಾತಾಡಬೇಕಿತ್ತು, ಎದ್ದು ಬಂದವನೇ ಗಡೀಪಾರು ಮಾಡಿದ” ಅಂತ ನಾನು. ಇಲ್ಲಿ ಅವನು ಸುಮ್ಮನಾಗುತ್ತಾನೆ. ಆ ಒಂದು ಜಾಗದಲ್ಲಿ ಸಿನಿಮಾ ಸ್ವಲ್ಪ ಅವಸರ ಮಾಡಿತು ಅಂತ ನನ್ನ ಅನಿಸಿಕೆ, ಇನ್ನೊಂದು ಐದು ನಿಮಿಷ ಇಬ್ಬರಿಗೂ ಕೊಡಬೇಕಿತ್ತು. ಬಿ-127ನ ಹರಟೆಯಲ್ಲಿ ಐದು ನಿಮಿಷ ಕಡಿಮೆ ಮಾಡಿದ್ದರೂ ಸಾಕಿತ್ತು.

ನನಗೆ ನಿಜವಾಗಿ ನೋವು ಇರುವುದು ಬೇರೆ ಕಡೆ. ನೋಡಿದವರಲ್ಲಿ ಬಹಳ ಜನಕ್ಕೆ ಇಷ್ಟ ಆಗಿದೆ, ಅಮೆರಿಕದಲ್ಲಿ ಥಿಯೇಟರಿನಿಂದ ಹೊರಬರುವವರನ್ನು ಕೇಳುವ ಸಿನಿಮಾಸ್ಕೋರ್‌ನಲ್ಲಿ ‘ಎ’ ದರ್ಜೆ ಬಂದಿದೆ. ಆದರೆ ನೋಡಿದವರೇ ಕಡಿಮೆ. ಸುಮಾರು 7.5 ಕೋಟಿ ಡಾಲರ್ ಖರ್ಚಿನ ಸಿನಿಮಾಕ್ಕೆ ಅಲ್ಲಿ ಮೊದಲ ಮೂರು ದಿನದಲ್ಲಿ ಬಂದದ್ದು ಸುಮಾರು 2.5 ಕೋಟಿ, ಅದೂ ಎರಡನೇ ಸ್ಥಾನದಲ್ಲಿ. ಮುಂದಿನ ಶುಕ್ರವಾರವೇ ಇನ್ನೊಂದು ರೋಬೋ ಅನಿಮೇಷನ್ ‘ದಿ ವೈಲ್ಡ್ ರೋಬೋಟ್’ ಬಂದು 3.5 ಕೋಟಿಯೊಂದಿಗೆ ಮೊದಲ ಸ್ಥಾನಕ್ಕೆ ಹೋಯಿತು. ತಮ್ಮ ಅದನ್ನೂ ನೋಡಿದ್ದಾನೆ, ಬಾತುಮರಿಯ ಜಾತಿಯದೊಂದು ಪುಟ್ಟ ಹಕ್ಕಿಯನ್ನು ರೋಬೋ ಸಾಕುವ ಕತೆ, ಅದಕ್ಕೂ ಅತ್ತನಂತೆ. ಒಳ್ಳೆಯ ಸಿನಿಮಾ ಗೆದ್ದರೆ ನನಗೆ ಸಂತೋಷವೇ. ಆದರೆ ನಮ್ಮ ಸಿನಿಮಾ ಟ್ರೇಲರ್ ಕಾರಣಕ್ಕೆ ಸೋತಿತು ಅನ್ನುವುದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ನಿರ್ದೇಶಕ ಜಾಶ್ ಕೂಲಿ ಇಷ್ಟು ಚೆನ್ನಾಗಿ ಇಬ್ಬರು ಗೆಳೆಯರನ್ನು ಬೇರೆ ಮಾಡಿ ನಿಲ್ಲಿಸಿದ್ದಾರೆ, ಮುಂದೆ ಅವರು ಮೊದಲ ಸಲ ಎದುರಾಬದುರಾ ಆಗುವುದನ್ನು ಇದೇ ದನಿಗಳಲ್ಲಿ ನೋಡಬೇಕು ಅಂತ ನನಗೆ ಆಸೆ. ಅಭಿಮಾನಿಗಳು ತಮ್ಮ ಕೈಲಾದದ್ದು ಮಾಡಿದರು. ಎರಡು ಸಲ, ಮೂರು ಸಲ ನೋಡಿದರು, ಗೆಳೆಯರನ್ನು ಎಳೆದುಕೊಂಡು ಹೋದರು.

ನಮ್ಮ ಹತ್ತಿರದ ಮಲ್ಟಿಪ್ಲೆಕ್ಸ್‌ನಲ್ಲಿ ಕೊನೆಗೆ ದಿನಕ್ಕೆ ಒಂದೇ ಶೋ ಉಳಿದಿತ್ತು, ಬೆಳಗ್ಗೆ 9ಕ್ಕೆ. ಒಂದು ಶನಿವಾರಕ್ಕೆ ಮೂರು ಟಿಕೆಟ್ ತೆಗೆದೆ, ನನಗೆ ಮತ್ತು ಕೆಳಗಿನ ಮನೆಯ ಅಕ್ಕತಮ್ಮ ಇಬ್ಬರಿಗೆ. ಹುಡುಗಿಗೆ ಆಗ 12, ಹುಡುಗನಿಗೆ 8. ಅವನು ಆಗಲೇ ತಾನು ಆಪ್ಟಿಮಸ್ ಅಂತ ಹೇಳಿಕೊಂಡು ಓಡಾಡುತ್ತಿದ್ದ. ನಾನು ಅವಳ ಪಕ್ಕದಲ್ಲಿ ಕೂತೆ.