ಲೆನ್ಸ್ ಕಳಿಸಿದ ಕಥೆ, ವಿಮೆ ಸಮೇತ

"ಮೇಡಂ, ಬೆಲೆ ಎಷ್ಟು ಅಂತ ಬರೀಲಿ? ಕಡಿಮೆ ಹಾಕಿದ್ರೆ ಆ ಕಡೆ ಕಸ್ಟಮ್ಸ್ ಸುಂಕ ಉಳಿಯುತ್ತೆ."

ಕೊರಿಯರ್ ಕೌಂಟರಿನ ಹುಡುಗ ಒಳ್ಳೆ ಮನಸ್ಸಿನಿಂದಲೇ ಹೇಳಿದ. ನನ್ನ ಹಳೆಯ ಕ್ಯಾಮೆರಾ ಲೆನ್ಸ್ ಕೊಂಡವರು ಬೇರೆ ದೇಶದಲ್ಲಿದ್ದರು. ಸುಂಕ ಕಟ್ಟಬೇಕಾದವರೂ ಅವರೇ. ಆದರೆ ಇನ್‌ವಾಯ್ಸ್‌ನಲ್ಲಿ ಒಂದು ಬೆಲೆ, ವಿಮೆಯ ಫಾರಂನಲ್ಲಿ ಇನ್ನೊಂದು ಬೆಲೆ ಇದ್ದರೆ ನಾಳೆ ಕ್ಲೇಮ್ ಕೇಳುವಾಗ ಬಾಯಿ ಬಿಡುವ ಹಾಗಿರಲ್ಲ. ಸುಂಕದ ವಿಷಯದಲ್ಲಿ ಸುಳ್ಳು ಹೇಳಿದ್ದು ಬೇರೆ. "ಮಾರಿದ ಬೆಲೆಯನ್ನೇ ಹಾಕಪ್ಪಾ" ಅಂದೆ.

ಆಮೇಲೆ ಅವನು ಫಾರಂನ ಒಂದು ಕಾಲಂ ತೋರಿಸಿ, "ಇಲ್ಲಿ ವ್ಯಾಲ್ಯೂ ಡಿಕ್ಲೇರ್ ಆಯ್ತಲ್ಲ, ಇನ್ಶೂರೆನ್ಸ್ ಇದ್ದ ಹಾಗೇ" ಅಂದ. ಎಷ್ಟೋ ಜನ ನಂಬುವುದು ಇದನ್ನೇ. ಕಸ್ಟಮ್ಸ್‌ಗಾಗಿ ಬರೆಯುವ ಬೆಲೆ ಸುಂಕದ ಲೆಕ್ಕಕ್ಕೆ, ಅದರಿಂದ ನಯಾಪೈಸೆ ಬರಲ್ಲ. ಕೊರಿಯರ್‌ನವರಿಗೆ ಹೆಚ್ಚುವರಿ ಶುಲ್ಕ ಕಟ್ಟಿ ಘೋಷಿಸುವ ಬೆಲೆಯೂ ಪೂರ್ತಿ ವಿಮೆಯಲ್ಲ. ಅದು ಅವರು ಹೊರುವ ಹೊಣೆಯ ಮಿತಿಯನ್ನು ಮೇಲಕ್ಕೆ ಏರಿಸುತ್ತೆ, ಅಷ್ಟೆ. ವಿಮೆ ಅಂದರೆ ಬೇರೆಯದೇ ಪಾಲಿಸಿ, ಅದಕ್ಕೆ ಅದರದೇ ಷರತ್ತು.

ಏನೂ ಕಟ್ಟದೆ ಕಳಿಸಿದರೆ? ದೇಶದಿಂದ ದೇಶಕ್ಕೆ ವಿಮಾನದಲ್ಲಿ ಹೋಗುವ ಸರಕಿಗೆ ಸಾಮಾನ್ಯವಾಗಿ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತೆ. ಅದರಲ್ಲಿ ಪರಿಹಾರದ ಮಿತಿ ತೂಕದ ಲೆಕ್ಕ. 2024ರ ಡಿಸೆಂಬರ್ ಕೊನೆಯಿಂದ ಕಿಲೋಗೆ 26 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಲೆಕ್ಕದ ಹಣ. ನನ್ನ ಪೆಟ್ಟಿಗೆ ಒಂದೂವರೆ ಕಿಲೋ ಇತ್ತು, ಅಂದರೆ ಹೆಚ್ಚೆಂದರೆ 39 ಎಸ್‌ಡಿಆರ್. ಗಾಜಿನ ಲೆನ್ಸನ್ನೂ ಗೋಡೆಯ ಮೊಳೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಲೆಕ್ಕ ಇದು. ಹೆಚ್ಚಿನ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟಿದರೆ ಈ ಮಿತಿಯಿಂದ ಹೊರಬರಬಹುದು ಅಂತ ಅದೇ ಒಪ್ಪಂದ ಹೇಳುತ್ತೆ.

ನಾನು ಬೇರೆ ಪಾಲಿಸಿಯನ್ನೇ ತೆಗೆದುಕೊಂಡೆ. ಅದರಲ್ಲಿ ಮೊದಲು ಓದಿದ್ದು ಯಾವುದಕ್ಕೆ ಹಣ ಕೊಡಲ್ಲ ಅನ್ನೋ ಪಟ್ಟಿ. ನಗದು, ಒಡವೆ, ಪ್ರಾಚೀನ ವಸ್ತು ಆಗಲೇ ಹೊರಗೆ. ವಸ್ತುವಿನಲ್ಲಿ ಮೊದಲೇ ಇದ್ದ ದೋಷ ಹೊರಗೆ. ಕೊನೆಗೆ, ಸಣ್ಣ ಅಕ್ಷರದಲ್ಲಿ, "ಸಾಕಷ್ಟು ಪ್ಯಾಕಿಂಗ್ ಇಲ್ಲದಿದ್ದರೆ." ಸಾಕಷ್ಟು ಅಂದರೆ ಎಷ್ಟು ಅಂತ ತೀರ್ಮಾನಿಸುವುದು ಅವರು. ಅದಕ್ಕೇ ನಾನು ಪ್ಯಾಕಿಂಗ್‌ಗೆ ಒಂದು ಸಂಜೆಯನ್ನೇ ಕೊಟ್ಟೆ.

ಮೊದಲು ಲೆನ್ಸಿನ ಎರಡೂ ಕಡೆ ಮುಚ್ಚಳ ಹಾಕಿದೆ. ಬಬಲ್ ಶೀಟಿನಲ್ಲಿ ಸುತ್ತಿ, ಅಲುಗಾಡದ ಹಾಗೆ ಚಿಕ್ಕ ಡಬ್ಬಿಯಲ್ಲಿ ಇಟ್ಟೆ. ಆ ಡಬ್ಬಿಯನ್ನು ದಪ್ಪ ರಟ್ಟಿನ ದೊಡ್ಡ ಡಬ್ಬಿಯ ಒಳಗಿಟ್ಟು, ಆರೂ ಕಡೆ ಒಂದು ಗೇಣಿನ ಅರ್ಧದಷ್ಟು ಜಾಗಕ್ಕೆ ಫೋಮ್ ತುಂಬಿದೆ. ಟೇಪ್ ಹಾಕುವ ಮುಂಚೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಪ್ರತಿ ಹಂತಕ್ಕೂ ಫೋಟೋ ತೆಗೆದೆ. ಸೀರಿಯಲ್ ನಂಬರ್, ಫೋಕಸ್ ರಿಂಗ್ ಸಲೀಸಾಗಿ ತಿರುಗುವ ವಿಡಿಯೋ, ತಕ್ಕಡಿಯ ಮೇಲಿನ ತೂಕ, ಎಲ್ಲಾ. ಮನೆಯವರು ನಕ್ಕರು. ನಗಲಿ ಬಿಡಿ.

ಪೆಟ್ಟಿಗೆಯ ಮೇಲೆ ಒಳಗಿರುವುದು ಕ್ಯಾಮೆರಾ ಸಾಮಾನು ಅಂತ ಗೊತ್ತಾಗುವ ಯಾವ ಗುರುತೂ ಇಡಲಿಲ್ಲ. ಇದಕ್ಕೆ ದೊಡ್ಡ ಉದಾಹರಣೆಯೇ ಇದೆ. 1958ರಲ್ಲಿ ಹ್ಯಾರಿ ವಿನ್‌ಸ್ಟನ್ ಎಂಬ ಅಮೆರಿಕದ ವಜ್ರದ ವ್ಯಾಪಾರಿ ಹೆಸರಾಂತ ಹೋಪ್ ವಜ್ರವನ್ನು ನ್ಯೂಯಾರ್ಕ್‌ನಿಂದ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂಗೆ ಕಳಿಸಿದ್ದು ಸಾದಾ ಕಂದು ಕಾಗದ ಸುತ್ತಿ, ರಿಜಿಸ್ಟರ್ಡ್ ಅಂಚೆಯಲ್ಲಿ. ಒಟ್ಟು ಖರ್ಚು 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆಯ ದರ ಬರೀ 2 ಡಾಲರ್ 44 ಸೆಂಟ್, ಮಿಕ್ಕಿದ್ದೆಲ್ಲ ಹತ್ತು ಲಕ್ಷ ಡಾಲರ್ ವಿಮೆಗೆ! ಆ ಮನುಷ್ಯನಿಗೆ ಲೆಕ್ಕ ಗೊತ್ತಿತ್ತು.

ನನ್ನ ಪೆಟ್ಟಿಗೆಗೆ ಆ ವಜ್ರದ ಹಾಗೆ ಸುರಕ್ಷಿತವಾಗಿ ತಲುಪುವ ಅದೃಷ್ಟ ಇರಲಿಲ್ಲ. ಕೊಂಡವರು ಬಾಗಿಲಲ್ಲೇ ಫೋಟೋ ಕಳಿಸಿದರು. ಒಂದು ಮೂಲೆ ಪೂರ್ತಿ ಒಳಕ್ಕೆ ಕುಸಿದಿತ್ತು. ತಕ್ಷಣ ಫೋನ್ ಮಾಡಿ, "ಸಹಿ ಮಾಡುವ ಮುಂಚೆ ಪೆಟ್ಟಿಗೆ ಜಜ್ಜಿದೆ ಅಂತ ಬರೆಯಿರಿ, ಡಬ್ಬಿ, ಫೋಮ್ ಏನೂ ಎಸೆಯಬೇಡಿ" ಅಂದೆ. ತಕರಾರಿಲ್ಲದೆ ಸಹಿ ಹಾಕಿದರೆ ಮಾಲು ಸರಿಯಾಗಿಯೇ ತಲುಪಿದೆ ಅಂತ ಲೆಕ್ಕ. ಆಮೇಲೆ ಹಾಗಲ್ಲ ಅಂತ ಸಾಬೀತು ಮಾಡುವ ಕೆಲಸ ನಮ್ಮದೇ. ಮಾಂಟ್ರಿಯಲ್ ಒಪ್ಪಂದದಲ್ಲಿ ಹಾನಿಯ ದೂರನ್ನು ಬರಹದಲ್ಲಿ ಕೊಡಲು 14 ದಿನದ ಗಡುವು ಇದೆ. ಕೊರಿಯರ್ ಕಂಪನಿಗಳ, ಪಾಲಿಸಿಗಳ ಗಡುವು ಇನ್ನೂ ಕಡಿಮೆ ಇರಬಹುದು.

ಲೆನ್ಸಿನ ಗಾಜು ಉಳಿದಿತ್ತು. ಫಿಲ್ಟರ್ ಹಾಕುವ ಅಂಚು ಬಗ್ಗಿತ್ತು, ಫೋಕಸ್ ರಿಂಗ್ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ವಿಮೆಯವರ ಮೊದಲ ಇಮೇಲ್ ನಿರೀಕ್ಷಿಸಿದ ಹಾಗೇ ಇತ್ತು: ಪ್ಯಾಕಿಂಗ್ ಸಾಕಷ್ಟು ಇದ್ದಂತೆ ಕಾಣುತ್ತಿಲ್ಲ, ರಿಂಗ್ ಮೊದಲಿನಿಂದಲೇ ಬಿಗಿ ಇದ್ದಿರಬಹುದು. ಎಲ್ಲಾ ಫೋಟೋ, ವಿಡಿಯೋ ಕಳಿಸಿದೆ. ಜೊತೆಗೆ ಮಾರಾಟದ ರಸೀದಿ, ರಿಪೇರಿ ಅಂಗಡಿಯ ಅಂದಾಜು ಪಟ್ಟಿ. ಎರಡನೇ ಇಮೇಲಿನ ಧಾಟಿಯೇ ಬೇರೆ. ಪ್ಯಾಕಿಂಗ್ ಮಾತು ಮತ್ತೆ ಬರಲಿಲ್ಲ.

ರಿಪೇರಿಯ ಖರ್ಚು ಬಂತು. ಪಾಲಿಸಿ ಮಾಡಿಸಿದ್ದು ನಾನಾದ್ದರಿಂದ ನನ್ನ ಖಾತೆಗೆ, ನಾನು ಕೊಂಡವರಿಗೆ ದಾಟಿಸಿದೆ. ಆದರೆ ಬಿದ್ದು ರಿಪೇರಿಯಾದ ಲೆನ್ಸಿಗೆ ಮೊದಲಿನ ಬೆಲೆ ಎಲ್ಲಿ ಸಿಗುತ್ತೆ? ಕೊಂಡವರು ಅದನ್ನೇ ಕೇಳಿದರು, ನ್ಯಾಯವಾದ ಮಾತು ಅಲ್ವಾ? ಆ ಇಳಿಕೆ ಪಾಲಿಸಿಯಲ್ಲಿ ಸೇರಿರಲಿಲ್ಲ. ಅಷ್ಟನ್ನು ನಾವಿಬ್ಬರೇ ಮಾತಾಡಿಕೊಂಡು ಅರ್ಧರ್ಧ ಹಂಚಿಕೊಂಡೆವು.