ಕೊನೆಗೌಡ ಯಾಕೆ ಸುಮ್ಮಸುಮ್ಮನೆ ಬೀಳುತ್ತಾನೆ?

ಅಕ್ಕನ ಮಗ ಪಿಕೊ-8ರಲ್ಲಿ, ಅಂದರೆ ಹಳೇ ಕಾಲದ ಶೈಲಿಯ ಗೇಮ್ ಮಾಡುವ, ಆಡುವ ಸಾಫ್ಟ್‌ವೇರ್‌ನಲ್ಲಿ, ಒಂದು ಪುಟ್ಟ ಗೇಮ್ ಮಾಡಿದ್ದಾನೆ. ಹೀರೋ ಒಬ್ಬ ಕೊನೆಗೌಡ, ಅಡಿಕೆ ಕೊನೆ ಕೊಯ್ಯುವವನು. ಅಡಿಕೆ ಮರ ಹತ್ತಬೇಕು, ಕೊನೆ ಇಳಿಸಬೇಕು, ನೆಲ ಮುಟ್ಟದೆ ಮುಂದಿನ ಮರಕ್ಕೆ ಹೋಗಬೇಕು. "ಚಿಕ್ಕಮ್ಮ, ಸುಮ್ನೆ ಚೆನ್ನಾಗಿದೆ ಅನ್ಬೇಡ, ಎಲ್ಲಿ ಕೆಟ್ಟಿದೆ ಹೇಳು" ಅಂದ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಹೊಟ್ಟೆ ಹೊರೆಯುವವಳಿಗೆ ಹೀಗೆ ಹೇಳಿದರೆ ಬಿಡುತ್ತೇನೆಯೇ?

ಕೆಟ್ಟಿರುವುದು ಜಿಗಿತ. ಸೋಗೆಯ (ಅಡಿಕೆ ಗರಿಯ) ತುದಿಗೆ ಬಂದು ಬಟನ್ ಒತ್ತುತ್ತೇನೆ, ಅವನು ಜಿಗಿಯುವುದೇ ಇಲ್ಲ, ಸೀದಾ ಕೆಳಗೆ. ನಿಧಾನವಾಗಿ ಆಡಿ ನೋಡಿದೆ: ನಾನು ಒತ್ತುವ ಹೊತ್ತಿಗೆ ಅವನ ಕಾಲು ಅಂಚು ದಾಟಿ ಒಂದೆರಡು ಫ್ರೇಮ್ (ಪರದೆಯ ಚಿತ್ರ ಒಮ್ಮೆ ಬದಲಾಗುವಷ್ಟು ಹೊತ್ತು ಒಂದು ಫ್ರೇಮ್) ಆಗಿರುತ್ತದೆ. ಲೆಕ್ಕದ ಪ್ರಕಾರ ಗೇಮ್ ಸರಿ. ಆದರೆ ಆಡುವವರಿಗೆ ತಾವು ಸರಿಯಾಗಿಯೇ ಒತ್ತಿದ್ದು ಅನಿಸುತ್ತದೆ, ಸಿಟ್ಟು ಬರುತ್ತದೆ, ಮುಚ್ಚಿ ಹೋಗುತ್ತಾರೆ.

ಇದನ್ನು ಹೇಳಿದ್ದಕ್ಕೆ, "ಡಾಂಕಿ ಕಾಂಗ್‌ನಲ್ಲೂ ಜಿಗಿತ ಹಾಗೇ ಗಡುಸು ಅಲ್ವಾ?" ಅಂತ ವಾದ. ನಿಜ, 1981ರ ಆ ಗೇಮ್‌ನಲ್ಲಿ ಒಮ್ಮೆ ನೆಗೆದರೆ ಗಾಳಿಯಲ್ಲಿ ದಿಕ್ಕು ಬದಲಿಸುವಂತಿಲ್ಲ. ಆದರೆ ಅದರ ಮೊದಲ ಹಂತ ನೆನಪಿಸಿಕೊ ಮಾರಾಯ. ಅಲ್ಲಿ ಜಿಗಿಯುವುದು ಉರುಳಿ ಬರುವ ಪೀಪಾಯಿ ದಾಟಲು, ಉದ್ದನೆಯ ತೊಲೆಯ ಮೇಲೆ ನಿಂತು. ನಿನ್ನ ಕೊನೆಗೌಡ ನಿಂತಿರುವುದು ಎಂಟು ಪಿಕ್ಸೆಲ್ ಅಗಲದ ಸೋಗೆಯ ಮೇಲೆ, ಜಿಗಿತವೆಲ್ಲ ಅಂಚಿನಿಂದಲೇ.

ಬೆಟ್ಟ ಹತ್ತುವ ಗೇಮ್ ಸೆಲೆಸ್ಟ್ ಇದೆಯಲ್ಲ, ಪಿಕೊ-8ಗೇ ಬಂದ ಅದರ ಮೊದಲ ರೂಪವನ್ನು ತೆರೆದು ನೋಡು. ನಾಲ್ಕು ದಿನದಲ್ಲಿ ಮಾಡಿದ ಗೇಮ್ ಅದು, ಎಸ್ಕೇಪ್ ಒತ್ತಿದರೆ ಕೋಡ್ ಪೂರ್ತಿ ಕಾಣುತ್ತದೆ. ನೆಲದ ಮೇಲಿರುವಷ್ಟು ಹೊತ್ತು 'ಗ್ರೇಸ್' ಎಂಬ ಅಂಕಿ 6. ಕಾಲು ನೆಲ ಬಿಟ್ಟ ಮೇಲೆ ಫ್ರೇಮಿಗೆ ಒಂದರಂತೆ ಇಳಿಯುತ್ತದೆ, ಸೊನ್ನೆಯಾಗುವವರೆಗೂ ಜಿಗಿಯಬಹುದು. ಸೆಕೆಂಡಿಗೆ 30 ಫ್ರೇಮ್ ಅಂದರೆ ಸುಮಾರು ಐದನೇ ಒಂದು ಸೆಕೆಂಡಿನ ವಿನಾಯಿತಿ. ಇನ್ನೊಂದು ಅಂಕಿ 4: ನೆಲ ಮುಟ್ಟುವ ತುಸು ಮೊದಲೇ ಬಟನ್ ಒತ್ತಿದರೂ ಅದನ್ನು ನೆನಪಿಟ್ಟುಕೊಂಡು, ಇಳಿದ ಕೂಡಲೇ ಜಿಗಿಸುತ್ತದೆ. ಇಷ್ಟಿದ್ದೂ ಆ ಗೇಮನ್ನು ಸುಲಭ ಅಂದವರನ್ನು ನಾನು ಕಂಡಿಲ್ಲ. ಈ ಎರಡು ಅಂಕಿ ನಿನ್ನ ಕೋಡಿಗೂ ಸೇರಿದರೆ ಅರ್ಧ ದೂರು ಮುಗಿಯಿತು.

ಮಿಕ್ಕರ್ಧ ನಿನ್ನ ಮರಗಳದ್ದು. ಎಲ್ಲ ಲೈಟ್ ಕಂಬದ ಹಾಗೆ ನೆಟ್ಟಗೆ ನಿಂತಿವೆ. ನಮ್ಮ ಶಿರಸಿ ಕಡೆ ತೋಟದಲ್ಲಿ ಬೆಳೆದವನು ನೀನು, ಕೊನೆಗೌಡ ಮರದಿಂದ ಮರಕ್ಕೆ ಹೇಗೆ ದಾಟುತ್ತಾನೆ ನೋಡಿಲ್ಲವೇ? ತುದಿಯಲ್ಲಿ ಕೂತು ಮರವನ್ನೇ ತೂಗಿ, ಅದು ವಾಲಿದಾಗ ಪಕ್ಕದ್ದನ್ನು ಹಿಡಿಯುತ್ತಾನೆ. ಬಾಣದ ಗುರುತು ಒತ್ತಿ ಹಿಡಿದರೆ ಮರ ತೂಗಲಿ, ಪೂರ್ತಿ ವಾಲಿದಾಗ ಬಿಟ್ಟರೆ ದೂರ ಹೋಗಲಿ, ಬೇಗ ಬಿಟ್ಟರೆ ಹತ್ತಿರದ ಮರ ಸಿಗಲಿ. ಇಂಥ ಜಿಗಿತ ಬೇರೆ ಗೇಮಿನಲ್ಲಿ ನಾನು ಆಡಿಲ್ಲ. ಇದೊಂದಕ್ಕೆ ಎರಡು ವಾರ ಹೋದರೂ ಚಿಂತೆಯಿಲ್ಲ.

ಸಣ್ಣಪುಟ್ಟದ್ದೂ ಇದೆ. ಹಸಿರು ಸೋಗೆಯ ಮೇಲೆ ಹಸಿರು ಹಾವು, 128 ಪಿಕ್ಸೆಲ್ ಪರದೆಯಲ್ಲಿ ನನ್ನ ಕನ್ನಡಕಕ್ಕೆ ಕಾಣುವುದಿಲ್ಲ. ಬಣ್ಣ ಇರುವುದೇ 16, ಹಾವಿಗೆ ಹಳದಿ ಕೊಡು. ಸತ್ತಾಗಲೆಲ್ಲ ಬರುವ ಆ ಶೋಕಗೀತೆ ತೆಗೆ. ನಾಣ್ಯ ಹಾಕಿ ಆಡುವ ಹಳೇ ಆರ್ಕೇಡ್ ಪೆಟ್ಟಿಗೆಗೆ ಇನ್ನೊಂದು ನಾಣ್ಯ ಬೇಕಿತ್ತು, ನಿನಗೆ ಬೇಡವಲ್ಲ, ತಕ್ಷಣ ಮತ್ತೆ ಶುರುವಾಗಲಿ.

ಮೂರನೇ ಹಂತದ ಚಗಳಿಗಳನ್ನು (ಮರದ ಕೆಂಪಿರುವೆಗಳನ್ನು) ಮಾತ್ರ ಮುಟ್ಟಬೇಡ. ಕಚ್ಚಿದರೆ ಸಾಯುವುದಿಲ್ಲ, ಹಿಡಿತ ಸಡಿಲವಾಗಿ ಸರ್ರನೆ ಜಾರುತ್ತಾನೆ, ಕೆರೆದುಕೊಳ್ಳುತ್ತ ಮತ್ತೆ ಹತ್ತುತ್ತಾನೆ. ಇಡೀ ಗೇಮ್‌ನಲ್ಲಿ ಬಿದ್ದರೂ ನಗು ಬಂದದ್ದು ಅಲ್ಲೊಂದೇ ಕಡೆ.