ಕಲ್ಲು ತೆಗೆದ ಜಾಗಕ್ಕೆ ಕಡಲು ಬಂತು: ಅಬೆರೈದಿಯ ನೀಲಿ ಕೋರೆ

ನಮ್ಮೂರಲ್ಲಿ ಕೋರೆ ಅಂದರೆ ಹೋಗಬಾರದ ಜಾಗ. ಬಂಟ್ವಾಳ ತಾಲೂಕಿನ ನಮ್ಮ ಹಳ್ಳಿಯ ಗುಡ್ಡದಲ್ಲಿ ಕೆಂಪು ಕಲ್ಲು ತೆಗೆದ ಮೂರು ಹೊಂಡಗಳಿದ್ದವು. ಜೂನ್‌ನಲ್ಲಿ ಕಡಕ್ ಚಹಾದ ಬಣ್ಣದ ನೀರು. ದೀಪಾವಳಿ ಹೊತ್ತಿಗೆ ಅದೇ ನೀರು ತಿಳಿಯಾಗಿ ಹಸಿರಾಗಿ, ಮೇಲೆ ನಿಂತು ನೋಡಿದರೆ ಇಳಿಯೋಣ ಅನ್ನಿಸುವಷ್ಟು ಚಂದ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಏಳನೆಯ ಒಬ್ಬ ಹುಡುಗ ಅಲ್ಲಿ ಮುಳುಗಿ ಹೋದ. ಅವನಿಗೆ ಈಜು ಬರುತ್ತಿತ್ತು. ಆದರೆ ಕೋರೆಯ ಗೋಡೆ ಮಿಷನ್ ಇಟ್ಟು ಕೊಯ್ದ ಹಾಗೆ ನೇರ ಇರುತ್ತದೆ, ಹಿಡಿಯಲು ಒಂದು ಬೇರೂ ಇಲ್ಲ. ಆಮೇಲೆ ಅಮ್ಮ ನಮ್ಮನ್ನು ಆ ಗುಡ್ಡದ ದಾರಿಯಲ್ಲೇ ಬಿಡಲಿಲ್ಲ.

ಹಾಗಾಗಿ ಈ ಆಗಸ್ಟ್‌ನಲ್ಲಿ ತಮ್ಮ ಬಂದು "ಅಕ್ಕಾ, ವೇಲ್ಸ್‌ನಲ್ಲಿ ಒಂದು ಕೋರೆ ಉಂಟಂತೆ, ಸಮುದ್ರದ ನೀರು ತುಂಬಿದ್ದು, ಜನ ಈಜುತ್ತಾರಂತೆ" ಎಂದು ಫೋನ್ ತೋರಿಸಿದಾಗ ನನಗೆ ಮೊದಲು ಬಂದದ್ದು ಆಸೆ ಅಲ್ಲ, ಹೆದರಿಕೆ. ಅವನು ಓದಲು ಬಂದು ಇನ್ನೂ ವರ್ಷ ಆಗಿಲ್ಲ. ನಾನು ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಬಂದು ಒಂಬತ್ತು ವರ್ಷ ಆಯಿತು, ಆದರೂ ಆ ಕಡೆ ಹೋಗಿರಲಿಲ್ಲ. ಸರಿ, ನೋಡಿಯಾದರೂ ಬರೋಣ ಎಂದು ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಬುತ್ತಿಗೆ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ.

ಕಾರ್ಡಿಫ್‌ನಿಂದ ಸುಮಾರು 180 ಕಿಲೋಮೀಟರ್. ಎಂ4 ಹೆದ್ದಾರಿ ಮುಗಿಯುವವರೆಗೆ ಹೋಗಿ, ಕಾರ್ಮಾರ್ದನ್ ದಾಟಿ, ಹ್ಯಾವರ್‌ಫೋರ್ಡ್‌ವೆಸ್ಟ್‌ನಿಂದ ಕಡಲ ಕಡೆಗೆ ತಿರುಗಬೇಕು. ನ್ಯೂಗೇಲ್ ಎಂಬಲ್ಲಿ ರಸ್ತೆ ಒಮ್ಮೆಲೇ ಇಳಿಯುತ್ತದೆ, ಎದುರಿಗೆ ಉದ್ದಕ್ಕೆ ಸಮುದ್ರ. ತಮ್ಮ "ಮರವಂತೆ!" ಎಂದು ಕೂಗಿದ. ನಿಜವಾಗಿ ಮರವಂತೆಯ ಹಾಗೆ ಏನೂ ಇಲ್ಲ, ಆದರೆ ರಸ್ತೆಯ ಪಕ್ಕಕ್ಕೇ ಕಡಲು ಬಂದರೆ ನಮ್ಮ ಕಡೆಯವರ ಬಾಯಲ್ಲಿ ಬೇರೆ ಹೆಸರು ಬರುವುದಿಲ್ಲ ಅಲ್ವಾ. ಮುಂದೆ ಸೇಂಟ್ ಡೇವಿಡ್ಸ್. 2,000 ಜನರೂ ಇಲ್ಲದ ಊರು, ಆದರೂ ಅದು ಸಿಟಿ, ಇಡೀ ಬ್ರಿಟನ್ನಿನಲ್ಲೇ ಅತಿ ಸಣ್ಣದು. ಅಲ್ಲಿನ ದೊಡ್ಡ ಕೆಥೆಡ್ರಲ್ ತಗ್ಗಿನಲ್ಲಿ ಕೂತಿರುವುದರಿಂದ ಹತ್ತಿರ ಹೋಗುವವರೆಗೆ ಸರಿಯಾಗಿ ಕಾಣುವುದಿಲ್ಲ. ನಾವು ನಿಲ್ಲಲಿಲ್ಲ.

ಸೇಂಟ್ ಡೇವಿಡ್ಸ್ ದಾಟಿದ ಮೇಲೆ ಒಂದೇ ಕಾರು ಹಿಡಿಸುವ ದಾರಿ. ಎರಡೂ ಬದಿ ಆಳೆತ್ತರದ ಬೇಲಿಗಿಡ. ಎದುರಿಂದ ಟ್ರ್ಯಾಕ್ಟರ್ ಬಂತು, ನಾನು ಬಹಳ ದೂರ ಹಿಂದಕ್ಕೆ ಓಡಿಸಬೇಕಾಯಿತು. ನೆಲದ ಮೇಲೆ ದೊಡ್ಡದಾಗಿ "ಅರಾವ್" ಎಂದು ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ. ವೆಲ್ಷ್ ಭಾಷೆಯಲ್ಲಿ ಅದಕ್ಕೆ ನಿಧಾನ ಎಂದು ಅರ್ಥ. ಈ ದೇಶಕ್ಕೆ ಬಂದ ಮೇಲೆ ನಾನು ಕಲಿತ ಮೊದಲ ವೆಲ್ಷ್ ಪದ ಅದು, ರಸ್ತೆಯೇ ಕಲಿಸಿದ್ದು. ತಮ್ಮ ಇಡೀ ದಿನ ನಾನು ಸ್ವಲ್ಪ ಜೋರು ಹೋದರೂ "ಅರಾವ್, ಅರಾವ್" ಎನ್ನುತ್ತಿದ್ದ. ಕೋರೆ ಇರುವ ಊರಿನ ಹೆಸರು ಅಬೆರೈದಿ. ಅಬೆರ್ ಎಂದರೆ ತೊರೆ ಕಡಲು ಸೇರುವ ಜಾಗ, ನಮ್ಮ ಅಳಿವೆ. ಅಬೆರೈದಿ ಎಂದರೆ ಐದಿ ತೊರೆಯ ಅಳಿವೆ. ಹೆಸರಿನ ಕೊನೆಯಲ್ಲಿ ಇಂಗ್ಲಿಷ್ ಡಿ ಅಕ್ಷರ ಎರಡು ಸಲ ಬರುತ್ತದೆ, ಓದುವಾಗ ಅದು ನಮ್ಮ "ದ"ಗೆ ಹತ್ತಿರ.

ದಾರಿ ಕೊನೆಗೆ ಬೀಚಿಗೇ ಹೋಗಿ ನಿಲ್ಲುತ್ತದೆ. ಮರಳು ಕಪ್ಪಗಿದೆ, ಸ್ಲೇಟು ಕಲ್ಲು ಪುಡಿಯಾಗಿ ಆದದ್ದು. ಇಲ್ಲಿಯ ಕಲ್ಲಿನ ಪದರಗಳಲ್ಲಿ ಗ್ರಾಪ್ಟೊಲೈಟ್ ಎಂಬ ಬಹಳ ಹಳೆಯ ಕಡಲ ಜೀವಿಗಳ ಗುರುತು ಸಿಗುತ್ತದೆ. ಸುಮಾರು 46 ಕೋಟಿ ವರ್ಷ ಹಿಂದಿನವು. ಸಂಗೀತದವರು ಶ್ರುತಿ ನೋಡಲು ಬಳಸುವ ಕವಲು ಕಡ್ಡಿ ಇರುತ್ತದಲ್ಲ, ಅದೇ ಆಕಾರ, ಉಗುರಿನಷ್ಟು. ಅರ್ಧ ಗಂಟೆ ಬಗ್ಗಿ ಬಗ್ಗಿ ಹುಡುಕಿದ ಮೇಲೆ ತಮ್ಮನ ಕಣ್ಣಿಗೆ ಒಂದು ಬಿತ್ತು. ಪೆನ್ಸಿಲಿನಿಂದ ಗೀಚಿದ ಹಾಗೆ ಇತ್ತು. ಕೈಯಲ್ಲಿ ಹಿಡಿದು ನೋಡಿ ಅಲ್ಲೇ ಇಟ್ಟು ಬಂದೆವು, ಒಯ್ಯಬಾರದು.

ಬೀಚಿನ ಹಿಂದೆ ಕಲ್ಲು ಒಡೆಯುವವರ ಮನೆಗಳ ಮುರಿದ ಗೋಡೆಗಳಿವೆ. ಒಂದು ಸಾಲು. ಒಂದೊಂದು ಮನೆ ನಮ್ಮೂರ ದನದ ಹಟ್ಟಿಯಷ್ಟೇ ಅಗಲ. ಒಂದರೊಳಗೆ ಹೋಗಿ ನಿಂತೆ. ಒಲೆಯ ಜಾಗ ಯಾವುದು, ಹಾಸಿಗೆ ಎಲ್ಲಿ ಹಾಸುತ್ತಿದ್ದರು, ಚಳಿಗಾಲದಲ್ಲಿ ಕಡಲು ಉಕ್ಕಿ ಬಂದರೆ ಮಕ್ಕಳನ್ನು ಎತ್ತಿಕೊಂಡು ಯಾವ ಕಡೆ ಓಡುತ್ತಿದ್ದರು ಎಂದೆಲ್ಲ ಯೋಚನೆ ಬಂತು. ತೆಗೆದ ಸ್ಲೇಟನ್ನು ಹಳಿಯ ಮೇಲಿನ ಗಾಡಿಯಲ್ಲಿ ಹತ್ತಿರದ ಪೋರ್ತ್‌ಗೈನ್ ಬಂದರಿಗೆ ಸಾಗಿಸುತ್ತಿದ್ದರಂತೆ, ಅಲ್ಲಿಂದ ಹಡಗಿಗೆ. ಯಾರದೋ ದೂರದ ಊರಿನ ಮನೆಯ ಮಾಡಿಗೆ. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ಅಲ್ಲಿಂದಲೂ ಹಂಚು ಹಡಗು ಹತ್ತಿತು. ಅದೇ ಕಾಲದಲ್ಲಿ ಇಲ್ಲಿ ಇವರು ಮಾಡಿಗೆ ಕಲ್ಲು ಸೀಳುತ್ತಿದ್ದರು. ನಮ್ಮಲ್ಲಿ ಮಾಡಿಗೆ ಮಣ್ಣು, ಗೋಡೆಗೆ ಕೆಂಪು ಕಲ್ಲು. ಮನೆ ಕಟ್ಟಲು ಎಲ್ಲಿಯೋ ಒಂದು ಹೊಂಡ ಆಗಲೇಬೇಕು.

ಬೀಚಿನಿಂದ ಬಲಗಡೆ ಗುಡ್ಡ ಹತ್ತಿ ಐದು ಹತ್ತು ನಿಮಿಷ ನಡೆದರೆ ಕೋರೆ. ಇದು ಪೆಂಬ್ರೋಕ್‌ಶೈರ್ ಕರಾವಳಿಯ ಕಾಲುದಾರಿ, ಪೂರ್ತಿ 186 ಮೈಲಿ, 1970ರಲ್ಲಿ ತೆರೆದದ್ದು. ಒಂದು ತಿರುವಿನಲ್ಲಿ ಒಮ್ಮೆಗೇ ಕಾಣುತ್ತದೆ. ಸುತ್ತ ಮೂರು ಕಡೆ ಕಪ್ಪು ಬಂಡೆ, ನಡುವೆ ನೀಲಿ ಹಸಿರು ಬೆರೆತ ನೀರು, ನಾಲ್ಕನೇ ಕಡೆ ಒಂದು ಕಂಡಿ, ಕಂಡಿಯಾಚೆ ಸಮುದ್ರ. ಹೊರಗೆ ಅಲೆ ಬಂಡೆಗೆ ಬಡಿಯುತ್ತಿದೆ, ಒಳಗೆ ನೀರು ಸುಮ್ನೆ ಮೇಲೆ ಕೆಳಗೆ ಉಸಿರಾಡುತ್ತಿದೆ. ತಮ್ಮನೂ ಮಾತು ನಿಲ್ಲಿಸಿದ.

1910ರವರೆಗೆ ಇಲ್ಲಿ ಸ್ಲೇಟು ತೆಗೆಯುತ್ತಿದ್ದರು. ಕೆಲಸ ನಿಂತ ಮೇಲೆ ಕಡಲಿಗೂ ಹೊಂಡಕ್ಕೂ ನಡುವೆ ಇದ್ದ ಬಂಡೆಯನ್ನು ಸಿಡಿಸಿ ದಾರಿ ಮಾಡಿದರು, ಕಡಲು ಒಳಗೆ ಬಂತು, ಮೀನಿನ ದೋಣಿಗಳಿಗೆ ನೆಮ್ಮದಿಯ ಬಂದರಾಯಿತು. ಆಳ ಸುಮಾರು 25 ಮೀಟರ್. ಆ ಬಣ್ಣ ಸ್ಲೇಟಿನ ಖನಿಜದಿಂದ ಬರುತ್ತದೆ ಎನ್ನುತ್ತಾರೆ. 2012, 2013 ಮತ್ತು 2016ರಲ್ಲಿ ಇಲ್ಲಿ ರೆಡ್ ಬುಲ್ ಕಂಪನಿಯವರ ಬಂಡೆ ಜಿಗಿತದ ಸ್ಪರ್ಧೆ ನಡೆದಿತ್ತು. ಗಂಡಸರು 27 ಮೀಟರ್ ಎತ್ತರದ ಹಲಗೆಯಿಂದ ಹಾರುತ್ತಿದ್ದರು. ಆಗ ಹಾಕಿದ್ದ ಅಟ್ಟಣಿಗೆ ಈಗ ಇಲ್ಲ. ಆದರೆ ಹಳೆಯ ಯಂತ್ರದ ಕಟ್ಟಡದ ಗೋಡೆಗಳು ನೀರಿನ ಅಂಚಿನಲ್ಲೇ ನಿಂತಿವೆ, ಹುಡುಗರು ಅದರ ಬೇರೆ ಬೇರೆ ಎತ್ತರದಿಂದ ಹಾರುತ್ತಾರೆ. ಹೆಲ್ಮೆಟ್, ರಬ್ಬರ್ ಸೂಟು ಹಾಕಿದ ಒಂದು ಗುಂಪು ಗೈಡ್ ಜೊತೆ ಬಂದಿತ್ತು. ಅವನು ಪ್ರತಿಯೊಬ್ಬರಿಗೂ ಕಾಲು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಎಂದು ತೋರಿಸಿ, ಕೆಳಗೆ ಯಾರೂ ಇಲ್ಲ ಎಂದು ನೋಡಿ, ಆಮೇಲೆ ಬಿಡುತ್ತಿದ್ದ. ನಾನು ಅದನ್ನೇ ತುಂಬ ಹೊತ್ತು ನೋಡಿದೆ. ನಮ್ಮ ಗುಡ್ಡದಲ್ಲಿ ಹೀಗೆ ಒಬ್ಬ ಇದ್ದಿದ್ದರೆ.

ತಮ್ಮ ಬಟ್ಟೆ ಬಿಚ್ಚಲು ಶುರು ಮಾಡಿದ. ಅವನು ಈಜು ಕಲಿತದ್ದು ಅಜ್ಜನ ಮನೆಯ ತೋಟದ ಕೆರೆಯಲ್ಲಿ, ಎರಡು ಒಣ ತೆಂಗಿನಕಾಯಿ ಜೋಡಿಸಿ ಹೊಟ್ಟೆಗೆ ಕಟ್ಟಿಕೊಂಡು. ಮಾವನೇ ಕಲಿಸಿದ್ದು. ಹೆಣ್ಣುಮಕ್ಕಳಿಗೆ ಯಾರೂ ಕಟ್ಟಲಿಲ್ಲ. ನಾವು ಕೆರೆಯ ಮೆಟ್ಟಿಲ ಮೇಲೆ ಕೂತು ಕಾಲು ಅದ್ದುತ್ತಿದ್ದೆವು. ಇದು ನನಗೆ ಇವತ್ತಿಗೂ ಬೇಸರದ ವಿಷಯ. ನಾನು ಈಜು ಕಲಿತದ್ದು 34ನೇ ವರ್ಷದಲ್ಲಿ, ಕಾರ್ಡಿಫ್‌ನ ಒಂದು ಈಜುಕೊಳದಲ್ಲಿ, ಕಾಲಿಗೆ ನೆಲ ಸಿಗುವ ಕಡೆ. ಇಲ್ಲಿ ನೆಲ ಸಿಗುವುದಿಲ್ಲ. ಅಂಚಿನ ಸ್ಲೇಟಿನ ಮೇಲೆ ಎರಡು ಹೆಜ್ಜೆ ಇಟ್ಟರೆ ಮೂರನೆಯದಕ್ಕೆ ಏನೂ ಇಲ್ಲ.

"ನೀನು ಇಳಿಯುವುದಿಲ್ವಾ?"

"ನೋಡ್ತೇನೆ. ನೀನು ಕಂಡಿ ಕಡೆ ಮಾತ್ರ ಹೋಗಬೇಡ."

ಅವನು ಇಳಿದ. ಇಳಿದವನು "ಅಮ್ಮಾ!" ಎಂದ ಕೂಗು ಮೂರೂ ಗೋಡೆಗೆ ಹೊಡೆದು ತಿರುಗಿ ಬಂತು. ಆಗಸ್ಟ್‌ನಲ್ಲೂ ನೀರು 16-17 ಡಿಗ್ರಿ ಅಷ್ಟೇ. ನಮ್ಮ ಪಣಂಬೂರಿನ ಕಡಲು ಇದಕ್ಕೆ ಹೋಲಿಸಿದರೆ ಬಿಸಿನೀರು.

ನಾನು ಅಂಚಿನಲ್ಲಿ ಕೂತು ಒಂದು ಸ್ಲೇಟಿನ ಚೂರು ಎತ್ತಿಕೊಂಡೆ. ಬಾಡಿಗೆಗೆ ತಂದ ರಬ್ಬರ್ ಸೂಟು ಹಾಕಿಕೊಂಡಾಗಿತ್ತು, ಧೈರ್ಯ ಮಾತ್ರ ಆಗಿರಲಿಲ್ಲ. ಇನ್ನೊಂದು ಚೂರಿನಿಂದ ಅದರ ಮೇಲೆ ಗೀಚಿದರೆ ಬಿಳಿ ಗೆರೆ ಬರುತ್ತದೆ, ನಮ್ಮ ಬಳಪದ ಗೆರೆಯೇ. ಒಂದನೇ ಕ್ಲಾಸಿನ ಸ್ಲೇಟು, ಮರದ ಚೌಕಟ್ಟು, ಎಂಜಲು ಹಚ್ಚಿ ಒರೆಸಿದ್ದು ಎಲ್ಲ ನೆನಪಾಯಿತು. ಅ ಬರೆದೆ. ಆ ಬರೆದೆ. ಪಕ್ಕದಲ್ಲಿ ಟವೆಲ್ ಸುತ್ತಿಕೊಂಡು ಕೂತಿದ್ದ ಒಬ್ಬರು ಅಜ್ಜಿ ನೋಡಿ ಇದು ಯಾವ ಭಾಷೆ ಎಂದು ಕೇಳಿದರು. ಕನ್ನಡ ಎಂದೆ. ಎಷ್ಟು ಜನ ಮಾತಾಡುತ್ತಾರೆ ಎಂದರು. ನಾಲ್ಕು ಕೋಟಿಗಿಂತ ಜಾಸ್ತಿ ಎಂದಾಗ ಅವರು ಹುಬ್ಬು ಮೇಲೆ ಮಾಡಿದರು. ಅವರ ಮನೆಮಾತು ವೆಲ್ಷ್. ಅವರು ಅದೇ ಸ್ಲೇಟು ತೆಗೆದುಕೊಂಡು ನನ್ನ ಅಕ್ಷರದ ಕೆಳಗೆ "ಮೋರ್" ಎಂದು ಬರೆದರು, ಸಮುದ್ರ ಎಂದು ಅರ್ಥ ಹೇಳಿದರು. ಆಮೇಲೆ ನನ್ನ ಮುಖ ನೋಡಿ, ಮೊದಲು ನೀರಿನ ಮೇಲೆ ಮಲಗು, ಉಸಿರು ಸರಿಯಾಗುವವರೆಗೆ ಈಜಬೇಡ ಎಂದರು. ಇಲ್ಲಿಯ ಕಡಲ ರಕ್ಷಣೆಯ ಸಂಸ್ಥೆ ಆರ್‌ಎನ್‌ಎಲ್‌ಐ ಎಲ್ಲರಿಗೂ ಹೇಳುವುದೂ ಅದನ್ನೇ. 1824ರಲ್ಲಿ ಶುರುವಾದದ್ದು, ಹೆಚ್ಚಿನವರು ಸಂಬಳ ಇಲ್ಲದೆ ದೋಣಿ ತೆಗೆದುಕೊಂಡು ಹೋಗುವವರು. ತಣ್ಣೀರಿಗೆ ಬಿದ್ದ ತಕ್ಷಣ ಮೈ ತಾನಾಗಿ ಏದುಸಿರು ಎಳೆಯುತ್ತದೆ, ಆಗ ಒದ್ದಾಡಿದರೆ ನೀರು ಒಳಗೆ ಹೋಗುತ್ತದೆ. ತಲೆ ಹಿಂದಕ್ಕೆ ಹಾಕಿ ತೇಲಿದರೆ ಸ್ವಲ್ಪ ಹೊತ್ತಿನಲ್ಲಿ ಉಸಿರು ಹದಕ್ಕೆ ಬರುತ್ತದೆ.

ಇಳಿದೆ. ಕುತ್ತಿಗೆ ಮುಳುಗಿದಾಗ ಉಸಿರು ಹಾರಿಹೋಯಿತು, ಕೈ ಯಾವುದನ್ನೋ ಹಿಡಿಯಲು ಹೋಯಿತು. ತಮ್ಮ ಪಕ್ಕಕ್ಕೆ ಬಂದು ಮುಟ್ಟದೆ ಇದ್ದ. "ಮಲಗು ಅಕ್ಕ, ಮೇಲೆ ನೋಡು" ಎಂದ. ಮಲಗಿದೆ. ಕಿವಿಯೊಳಗೆ ನೀರಿನ ಶಬ್ದ. ಮೇಲೆ ಕಪ್ಪು ಬಂಡೆಯ ಅಂಚು, ಅದರ ಮೇಲೆ ಕೆನ್ನೀಲಿ ಹೂವಿನ ಪೊದೆ, ಅದರ ಮೇಲೆ ಬಿಳಿ ಹಕ್ಕಿ. ಕೆಳಗೆ 25 ಮೀಟರ್ ಅನ್ನುವುದು ತಲೆಯಲ್ಲಿ ಇದ್ದೇ ಇತ್ತು, ಆದರೆ ನಿಧಾನಕ್ಕೆ ಅದು ಬರೀ ಸಂಖ್ಯೆ ಆಯಿತು. ಬಂಡೆಯಲ್ಲಿ ಕಲ್ಲು ಸೀಳಿದ ಗುರುತು ನೇರ ನೇರ ಕಾಣುತ್ತಿತ್ತು. ಒಬ್ಬೊಬ್ಬನ ಒಂದೊಂದು ದಿನದ ಕೂಲಿ ಆ ಗೆರೆಗಳಲ್ಲಿ ಇದೆ ಅನ್ನಿಸಿತು. ಇಪ್ಪತ್ತು ನಿಮಿಷ ಇದ್ದೆ. ಅಂಚಿನಿಂದ ತುಂಬ ದೂರ ಹೋಗಲಿಲ್ಲ, ಹೋಗಬೇಕು ಅನ್ನಿಸಲೂ ಇಲ್ಲ.

ಹೋಗುವವರಿಗೆ ಒಂದೆರಡು ಮಾತು. ಒದ್ದೆ ಸ್ಲೇಟು ಪಾಚಿಗಿಂತ ಹೆಚ್ಚು ಜಾರುತ್ತದೆ, ಹಳೆಯ ಬೂಟು ಹಾಕಿಕೊಂಡೇ ಇಳಿಯಿರಿ. ಕಂಡಿಯ ಹತ್ತಿರ ಉಬ್ಬರ ಇಳಿತಕ್ಕೆ ಸೆಳೆತ ಇರುತ್ತದೆ, ಆ ಕಡೆ ಬೇಡವೇ ಬೇಡ. ಒಬ್ಬರೇ ಹೋಗಬೇಡಿ, ಲೈಫ್‌ಗಾರ್ಡ್ ಇರುವ ಜಾಗ ಅಲ್ಲ. ಶರತ್ಕಾಲದಲ್ಲಂತೂ ಬೇಡ. ಆಗ ಬೂದು ಸೀಲ್‌ಗಳು ಮರಿ ಹಾಕಲು ಈ ಕೋರೆಯ ಒಳಗೇ ಬರುತ್ತವೆ, ಜಾಗ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನವರು ಜನ ನೀರಿಗೆ ಇಳಿಯಬಾರದು ಎಂದು ಬೋರ್ಡು ಹಾಕುತ್ತಾರೆ. ಹೆದರಿದ ತಾಯಿ ಮರಿಯನ್ನು ಬಿಟ್ಟು ಹೋದರೆ ಮರಿ ಉಳಿಯುವುದಿಲ್ಲ.

ಮಧ್ಯಾಹ್ನ ಚಿತ್ರಾನ್ನ ತಿಂದು, ಅಜ್ಜಿಗೂ ಕೊಟ್ಟು, ಕಾಲುದಾರಿಯಲ್ಲೇ ಪೋರ್ತ್‌ಗೈನ್‌ಗೆ ನಡೆದೆವು. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಆಯಿತು. ಬಂದರಿನ ಪಕ್ಕ ಇಟ್ಟಿಗೆಯ ದೈತ್ಯ ಗೋಡೆ, ಒಡೆದ ಜಲ್ಲಿ ತುಂಬಿಸಿಡುತ್ತಿದ್ದ ಕಣಜಗಳು. 1931ರಲ್ಲಿ ಆ ಕೆಲಸವೂ ನಿಂತಿತು. ಈಗ ಅದರ ಬುಡದಲ್ಲಿ ನಾಲ್ಕು ಏಡಿ ಬಲೆ, ಒಂದು ನಾಯಿ, ಮೀನು ಕರಿದ ವಾಸನೆ.

ಅಲ್ಲಿಂದ ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಆಗಿತ್ತು, ಹಿಂದೆ ಮಳೆಯ ಸದ್ದು. ಕೋರೆಯಲ್ಲಿ ಈಜಿದೆ ಎಂದೆ. ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ತಮ್ಮ ಹತ್ತಿರ ಇದ್ದನಾ?" ಎಂದರು. ಇದ್ದ ಎಂದೆ. ಗುಡ್ಡದ ಕೋರೆ ಈಗ ಹೇಗುಂಟು ಎಂದು ಕೇಳಿದೆ, ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಎರಡು ಹೊಂಡಕ್ಕೆ ಮಣ್ಣು ಹಾಕಿ ಅಡಿಕೆ ನೆಟ್ಟಿದ್ದಾರಂತೆ. ದೊಡ್ಡದು ಹಾಗೇ ಇದೆ, ಈ ಸಲವೂ ತುಂಬಿದೆ. ಆ ಹುಡುಗನ ಅಣ್ಣ ಅಡಿಕೆ ಸಲಾಕೆ ಕಟ್ಟಿ ಸುತ್ತ ಬೇಲಿ ಹಾಕುತ್ತಾರಂತೆ, ಪ್ರತಿ ವರ್ಷ, ಮಳೆ ಶುರುವಾಗುವ ಮೊದಲು.